ಕಬಡ್ಡಿ ಆಡುವವನಿಗೆ ಲಾ ಪುಸ್ತಕ ಯಾಕೆ?

ಕೇಳಿ, ಹೇಳ್ತೀನಿ: ಓದುಗರ ಪ್ರಶ್ನೆ, ನಿವೃತ್ತ ಶಿರಸ್ತೇದಾರರ ಉತ್ತರ

ಕಳೆದ ತಿಂಗಳು ಈ ಅಂಕಣದ ಕೊನೆಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಮಗಳ ಮನೆಗೆ ಅಂತ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಹೋಗಿದ್ದೆ. ಫುಟ್‌ಬಾಲ್ ಆಡಿ ಹೆಸರು ಮಾಡಿದ ಅಲನ್ ಪೇಜ್ ಎಂಬುವರು ಆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದರು ಎಂದು ಅಲ್ಲಿ ಗೊತ್ತಾಯಿತು. ಬರೆದದ್ದು ಇಷ್ಟೇ. ಆಸ್ತಿ ಭಾಗ, ಪೋಡಿ, ಖಾತೆ, ಜೀವನಾಂಶ ಇವೇ ತುಂಬಿರುತ್ತಿದ್ದ ಅಂಚೆಯಲ್ಲಿ ಈ ಸಲ ಆಟದ ಪತ್ರಗಳೇ ಜಾಸ್ತಿ. ಹಾಗಾಗಿ ಜಮೀನಿನ ತಕರಾರಿನವರಿಗೆಲ್ಲ ಮುಂದಿನ ತಿಂಗಳಿಗೆ ವಾಯಿದೆ. ಬೇಜಾರು ಮಾಡಿಕೊಳ್ಳಬೇಡಿ, ವಾಯಿದೆ ನಿಮಗೆ ಹೊಸದೇನಲ್ಲ ಅಲ್ವಾ?

ಪ್ರಶ್ನೆ: ನನಗೆ 24 ವರ್ಷ. ಬಿ.ಎ. ಮುಗಿಸಿದ್ದೇನೆ, 52 ಪರ್ಸೆಂಟ್. ಏಳು ವರ್ಷದಿಂದ ಕಬಡ್ಡಿಯೇ ನನ್ನ ಅನ್ನ. ಲೆಫ್ಟ್ ಕಾರ್ನರ್ ಆಡುತ್ತೇನೆ. ಈಗ ಮಂಡಿ ನೋವು ಶುರುವಾಗಿದೆ. ಲಾ ಓದಿ ನ್ಯಾಯಾಧೀಶ ಆಗಬೇಕೆಂಬ ಆಸೆ. ಹೇಳಿದರೆ ಟೀಮಿನವರು ನಗುತ್ತಾರೆ, ‘ಕಬಡ್ಡಿ ಆಡುವವನಿಗೆ ಲಾ ಪುಸ್ತಕ ಯಾಕೋ’ ಅನ್ನುತ್ತಾರೆ. ನೀವು ಬರೆದ ಆ ಆಟಗಾರರ ಕಥೆ ನಿಜವೇ? ಆಟ ಬಿಟ್ಟು ಎಷ್ಟು ವರ್ಷ ಓದಿದರು?
(ಮಂಡ್ಯ ಜಿಲ್ಲೆಯ ಓದುಗ)

ನಿಜ ತಮ್ಮ. ಆದರೆ ನಿನ್ನ ಕೊನೆಯ ಪ್ರಶ್ನೆ ಮಾತ್ರ ತಪ್ಪು. ಅವರು ಆಟ ಬಿಟ್ಟು ಓದಿದವರಲ್ಲ. ಆಡುತ್ತಲೇ ಓದಿದವರು. ನಿನಗೆ ನಾನು ಮುಖ್ಯವಾಗಿ ಹೇಳಬೇಕಾದದ್ದೂ ಅದನ್ನೇ.

ಮೊದಲು ಆಟದ ವಿಷಯ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ. ನೋಡಿದರೆ ಅರ್ಧ ಕುಸ್ತಿ, ಅರ್ಧ ಕಬಡ್ಡಿ. ಪೇಜ್ ಅವರದು ಡಿಫೆಂಡರ್ ಕೆಲಸ. ಎದುರಿಗೆ ಗೋಡೆ ಹಾಗೆ ನಿಂತವರನ್ನು ತಳ್ಳಿಕೊಂಡು ಒಳಗೆ ನುಗ್ಗಿ, ಚೆಂಡು ಎಸೆಯುವವನನ್ನು ಎಸೆಯುವ ಮೊದಲೇ ಕೆಡವಬೇಕು. ನೀನು ಕಾರ್ನರ್‌ನಲ್ಲಿ ನಿಂತು ರೈಡರ್ ಕಾಲಿಗೆ ಕೈ ಹಾಕುತ್ತೀಯಲ್ಲ, ಕ್ಷಣ ಮೊದಲು ಹೋದರೆ ಮೋಸ ಹೋದೆ, ಕ್ಷಣ ತಡವಾದರೆ ಅವನು ಗೆರೆ ದಾಟಿದ. ಅದೇ ಲೆಕ್ಕ ಅಲ್ಲೂ.

ಅವರು ಹುಟ್ಟಿದ್ದು 1945ರಲ್ಲಿ, ಒಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಕಪ್ಪು ಜನರ ಹುಡುಗನಿಗೆ ದೊಡ್ಡವನಾದ ಮೇಲೆ ಕಣ್ಣೆದುರಿಗೆ ಕಾಣುತ್ತಿದ್ದ ಕೆಲಸ ಆ ಕಾರ್ಖಾನೆಯದೇ. ಇವರಿಗೆ ಅದು ಬೇಡವಾಗಿತ್ತು. ವಕೀಲ ಆಗಬೇಕು ಅಂತ ಚಿಕ್ಕಂದಿನಲ್ಲೇ ತಲೆಗೆ ಹೊಕ್ಕಿತ್ತು. ಫುಟ್‌ಬಾಲ್ ಬಂದದ್ದು ಆಮೇಲೆ. ನಾವು ‘ಆಟಗಾರ ಜಡ್ಜ್ ಆದ’ ಅಂತೇವೆ. ವಕೀಲ ಆಗಬೇಕಿದ್ದ ಹುಡುಗ ನಡುವೆ 15 ವರ್ಷ ಫುಟ್‌ಬಾಲ್ ಆಡಿಬಂದ ಅಂದರೆ ಇನ್ನೂ ಸರಿಯಾದೀತು.

ಆ ಕ್ಯಾಂಟನ್ ಊರಿನಲ್ಲೇ ಫುಟ್‌ಬಾಲ್ ಮಹಾನ್ ಆಟಗಾರರ ಸ್ಮಾರಕ ಭವನ ಇದೆ. ‘ಹಾಲ್ ಆಫ್ ಫೇಮ್’ ಅನ್ನುತ್ತಾರೆ. ಅದು ತೆರೆದದ್ದು 1963ರಲ್ಲಿ. ಅದನ್ನು ಕಟ್ಟುವಾಗ ಹೈಸ್ಕೂಲ್ ಹುಡುಗ ಪೇಜ್ ಅಲ್ಲಿ ಕೂಲಿ ಕೆಲಸ ಮಾಡಿದ್ದರು. 25 ವರ್ಷ ಕಳೆದು 1988ರಲ್ಲಿ ಅದೇ ಕಟ್ಟಡದೊಳಗೆ ಅವರ ಪ್ರತಿಮೆ ಕೂತಿತು. ಇದನ್ನು ಅಳಿಯ ಹೇಳಿದಾಗ ನಾನು ನಂಬಲಿಲ್ಲ. ಕೋರ್ಟಿನಲ್ಲಿ 34 ವರ್ಷ ಕೂತವನು, ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಸಾಕ್ಷಿ ಅಂದರೆ ನನಗೆ ಮೊದಲು ಬರುವುದು ಅನುಮಾನ. ವಿಚಾರಿಸಿ ನೋಡಿದೆ, ನಿಜವೇ.

ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಡಿಗ್ರಿ. ನಿನ್ನ ಹಾಗೆ ಬಿ.ಎ. 1967ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡಕ್ಕೆ ಆಯ್ಕೆ. ಅಲ್ಲಿ ಡಿಫೆನ್ಸ್‌ನ ಮುಂದಿನ ಸಾಲಿನಲ್ಲಿ ನಾಲ್ಕು ಜನ: ಪೇಜ್, ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್. ತಂಡದ್ದು ನೇರಳೆ ಬಣ್ಣದ ಅಂಗಿ. ಜನ ಇವರಿಗಿಟ್ಟ ಅಡ್ಡಹೆಸರು ‘ನೇರಳೆ ನರಭಕ್ಷಕರು’ ಅನ್ನುವ ಅರ್ಥದ್ದು. 1971ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಪೇಜ್ ಅವರನ್ನು. ಅಲ್ಲಿಯವರೆಗೆ ಆ ಬಿರುದು ಡಿಫೆಂಡರ್ ಒಬ್ಬನಿಗೆ ಸಿಕ್ಕಿರಲಿಲ್ಲ. ಪ್ರೈಜೆಲ್ಲ ರೈಡರ್‌ಗೇ ಹೋಗುತ್ತೆ ಅಂತ ನೀವು ಕಾರ್ನರ್‌ನವರು ಗೊಣಗುತ್ತೀರಲ್ಲ, ಅಲ್ಲೂ ಅದೇ ಕಥೆ.

ಇನ್ನು ಓದಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದು.

ಆಟಕ್ಕೆ ಸೇರಿದ ಹೊಸದರಲ್ಲೇ ಅವರು ಒಂದು ಲಾ ಕಾಲೇಜಿಗೆ ಸೇರಿದರು. ಮೂರೇ ವಾರ. ಬಿಟ್ಟರು. ಆಮೇಲೆ ಹಲವು ವರ್ಷ ಆ ಕಡೆ ತಲೆ ಹಾಕಲಿಲ್ಲ. ಹೆಸರು, ದುಡ್ಡು, ಸಾಲು ಸಾಲು ಪಂದ್ಯ. ಮತ್ತೆ ಕಾನೂನಿನ ಕಡೆಗೆ ಎಳೆದದ್ದು ಆಟಗಾರರ ಸಂಘ. ಪೇಜ್ ಅವರು ಸಂಘದಲ್ಲಿ ತಮ್ಮ ತಂಡದ ಪ್ರತಿನಿಧಿ. ಆಗೆಲ್ಲ ಆಟಗಾರ ತನಗೆ ಬೇಕಾದ ತಂಡಕ್ಕೆ ಸಲೀಸಾಗಿ ಹೋಗುವಂತಿರಲಿಲ್ಲ. 1974ರಲ್ಲಿ ಆಟಗಾರರು ಮುಷ್ಕರವನ್ನೇ ಹೂಡಿದರು. ಮೇಜಿನ ಆ ಕಡೆ ಮಾಲೀಕರ ವಕೀಲರು, ಈ ಕಡೆ ಆಟಗಾರರು. ಕರಾರಿನ ಒಂದೊಂದು ಸಾಲು ಹಿಡಿದು ಜಗ್ಗಾಟ. ಆ ಮೇಜಿನಲ್ಲಿ ಕೂತವರಿಗೆ ಮೈಬಲ ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ ಅನ್ನುವುದು ಬೇಗ ಗೊತ್ತಾಗುತ್ತದೆ.

1975ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಲಾ ಕಾಲೇಜಿಗೆ ಸೇರಿದರು. ಆಗ ವಯಸ್ಸು 30. ಹೆಂಡತಿ, ಮಕ್ಕಳು, ತಂಡದ ಕೆಲಸ ಎಲ್ಲವೂ ಇತ್ತು. 1977ರ ಜನವರಿಯಲ್ಲಿ ಸೂಪರ್ ಬೌಲ್ ಫೈನಲ್ ಆಡುವಾಗ ಈ ಮನುಷ್ಯ ಲಾ ವಿದ್ಯಾರ್ಥಿ! ಆ ಫೈನಲ್ ಸೋತರು. ಅದಕ್ಕೆ ಮೊದಲಿನ ಮೂರು ಫೈನಲ್‌ಗಳನ್ನೂ ಸೋತಿದ್ದರು. ನಾಲ್ಕಕ್ಕೆ ನಾಲ್ಕು. 1978ರಲ್ಲಿ ಡಿಗ್ರಿ ಕೈಗೆ ಬಂತು.

ಅದೇ 1978ರಲ್ಲಿ ತಂಡ ಅವರನ್ನು ಸೀಸನ್ ನಡುವೆಯೇ ಕೈಬಿಟ್ಟಿತು. ಕಾರಣ ಕೇಳಿದರೆ ನಗು ಬರುತ್ತೆ. ಹೆಂಡತಿ ಡಯೇನ್ ಸಿಗರೇಟು ಬಿಡಬೇಕೆಂದು ಓಡಲು ಶುರು ಮಾಡಿದ್ದರು. ಜೊತೆಗೆ ಇವರೂ ಓಡಿದರು. ಹುಚ್ಚು ಹತ್ತಿತು, ದೂರ ಜಾಸ್ತಿ ಆಗುತ್ತಾ ಹೋಯಿತು, ಮೈ ಇಳಿಯಿತು. ಸುಮಾರು 225 ಪೌಂಡಿಗೆ, ಅಂದರೆ ನೂರು ಕಿಲೋ ಚಿಲ್ಲರೆಗೆ ಬಂದರು. ನಮಗೆ ಅದು ಭೀಮಸೇನ. ಅವರ ಜಾಗದಲ್ಲಿ ಆಡುವವನಿಗೆ ಅದು ಸಣಕಲು ಮೈ. ಚಿಕಾಗೊ ತಂಡ ಅವರನ್ನು ಬರೀ 100 ಡಾಲರ್ ಕಟ್ಟಿ ಕರೆದುಕೊಂಡಿತು. ಅಲ್ಲಿ 1981ರವರೆಗೆ ಆಡಿದರು. ಒಟ್ಟು 15 ಸೀಸನ್, 218 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. ಈ ನಡುವೆ 1979ರಿಂದಲೇ ಮಿನಿಯಾಪೊಲಿಸ್‌ನ ಒಂದು ವಕೀಲರ ಕಚೇರಿಗೆ ಸೇರಿದ್ದರು. ಸೀಸನ್ ಬಂದಾಗ ಕವಚ, ಸೀಸನ್ ಮುಗಿದ ಮೇಲೆ ಕೋಟು.

100 ಡಾಲರಿನ ಮಾತು ನೆನಪಿಟ್ಟುಕೋ ತಮ್ಮ. ಕೈಬಿಟ್ಟ ದಿನ ಪೇಪರಿನವರು ಬಂದು ಕೇಳುವುದು ‘ಇನ್ನು ಮುಂದೆ ಏನು?’ ಅಂತ. ಅವತ್ತು ಇವರ ಹತ್ತಿರ ಲಾ ಡಿಗ್ರಿ ಇತ್ತು. ನಿನ್ನ ಮಂಡಿ ನಿನ್ನನ್ನು ಕೈಬಿಡುವ ದಿನ ನಿನ್ನ ಹತ್ತಿರ ಏನಿರುತ್ತೆ?

ಆಮೇಲಿನದು ಬೇಗ ಹೇಳುತ್ತೇನೆ. 1985ರಿಂದ ಆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಸರ್ಕಾರಿ ವಕೀಲರು. 1992ರಲ್ಲಿ ಚುನಾವಣೆ ಗೆದ್ದು ಮಿನೆಸೋಟ ಸುಪ್ರೀಂ ಕೋರ್ಟಿಗೆ ಬಂದರು. ಚುನಾವಣೆ ಅಂದೆನಲ್ಲ, ಅದರ ಗಲಾಟೆಯನ್ನು ಇನ್ನೊಂದು ಪತ್ರಕ್ಕೆ ಉತ್ತರಿಸುವಾಗ ಹೇಳುತ್ತೇನೆ. ಆ ಪೀಠಕ್ಕೆ ಬಂದ ಮೊದಲ ಕಪ್ಪು ನ್ಯಾಯಮೂರ್ತಿ ಅವರು. 1993ರ ಜನವರಿಯಿಂದ 2015ರ ಆಗಸ್ಟ್‌ವರೆಗೆ ಕೂತರು. ಅಲ್ಲಿ 70ಕ್ಕೆ ನಿವೃತ್ತಿ.

ಮಗಳು ಒಂದು ದಿನ ನನ್ನನ್ನು ಮಾಲ್ ಆಫ್ ಅಮೆರಿಕ ಅನ್ನುವ ದೊಡ್ಡ ಮಾಲಿಗೆ ಕರೆದುಕೊಂಡು ಹೋದಳು. ವೈಕಿಂಗ್ಸ್ ತಂಡದ ಹಳೇ ಮೈದಾನ ಇದ್ದದ್ದು ಅದೇ ಜಾಗದಲ್ಲಿ. ಮೇಲೆ ಚಾವಣಿ ಇಲ್ಲದ ಮೈದಾನ. ಡಿಸೆಂಬರ್ ಹಿಮದಲ್ಲೂ ಕೋಚ್ ಬಡ್ ಗ್ರಾಂಟ್ ಅವರು ಆಟಗಾರರ ಬೆಂಚಿನ ಹತ್ತಿರ ಹೀಟರ್ ಇಡಲು ಬಿಡುತ್ತಿರಲಿಲ್ಲವಂತೆ. ಈಗ ಅಲ್ಲಿ ಚಪ್ಪಲಿ ಅಂಗಡಿ, ಐಸ್‌ಕ್ರೀಮು, ಮಕ್ಕಳ ರೋಲರ್ ಕೋಸ್ಟರ್. ಅದೇ ಮೈದಾನದಲ್ಲಿ ಬೇಸ್‌ಬಾಲನ್ನೂ ಆಡುತ್ತಿದ್ದರು. ಅದರ ಗುರುತಿಗೆ ಒಂದು ಲೋಹದ ಫಲಕವನ್ನು ನೆಲದಲ್ಲಿ ಕೂರಿಸಿದ್ದಾರೆ. ಜನ ಅದನ್ನು ತುಳಿದುಕೊಂಡೇ ಓಡಾಡುತ್ತಾರೆ. ಆ ಮಾಲ್ ತೆರೆದದ್ದು 1992ರಲ್ಲಿ. ಇವರು ಚುನಾವಣೆ ಗೆದ್ದದ್ದೂ ಅದೇ ವರ್ಷ. ನಾನು ಫಲಕದ ಪಕ್ಕ ನಿಂತು ಸ್ವಲ್ಪ ಹೊತ್ತು ನೋಡಿದೆ. ‘ಅಪ್ಪಾ, ಜನಕ್ಕೆ ಅಡ್ಡ ನಿಂತಿದ್ದೀರಿ’ ಅಂದಳು ಮಗಳು.

ಈಗ ನಿನ್ನ ಕೆಲಸದ ಮಾತು. 52 ಪರ್ಸೆಂಟ್ ಸಾಕು. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್ ಇದ್ದರೆ ಸೇರಬಹುದು. ಹಾಜರಿ ಮಾತ್ರ 70 ಪರ್ಸೆಂಟ್ ಬೇಕು. ನಿನಗೆ ಕಷ್ಟ ಕೊಡುವುದು ಇದೇ. ಟೂರ್ನಮೆಂಟ್ ಅಂತ ತಿಂಗಳುಗಟ್ಟಲೆ ಊರೂರು ಅಲೆದರೆ ಹಾಜರಿ ಸಾಲುವುದಿಲ್ಲ. ಸೇರುವ ಮೊದಲೇ ಪ್ರಿನ್ಸಿಪಾಲರ ಹತ್ತಿರ ಕೂತು ಸೀಸನ್ ಲೆಕ್ಕ ಹಾಕು. ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಸಬೇಕು, ಅಖಿಲ ಭಾರತ ಮಟ್ಟದ ವಕೀಲರ ಪರೀಕ್ಷೆಯಲ್ಲೂ ಪಾಸಾಗಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮುಂಚೆ ಓದು ಮುಗಿಸಿದವರೂ ನೇರ ಅರ್ಜಿ ಹಾಕುತ್ತಿದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಕೆ ಇರಲೇಬೇಕು ಅಂತ ಹೇಳಿತು. ಅಂದರೆ ಓದು ಮೂರು, ವಕೀಲಿಕೆ ಮೂರು. ನಾಳೆಯೇ ಶುರು ಮಾಡಿದರೂ ನಿನಗೆ 30 ದಾಟಿರುತ್ತೆ. ವಯಸ್ಸಿನ ಮಿತಿ ನಿನ್ನ ವರ್ಗಕ್ಕೆ ಎಷ್ಟು ಅಂತ ಅರ್ಜಿ ಕರೆದಾಗ ಅಧಿಸೂಚನೆಯಲ್ಲೇ ನೋಡಿಕೋ. ಟೀ ಅಂಗಡಿಯಲ್ಲಿ ಕೇಳಬೇಡ.

ಇನ್ನೊಂದು ಮುಖ್ಯ ವಿಷಯ. ಕ್ರೀಡಾ ಕೋಟಾದಲ್ಲಿ ಬ್ಯಾಂಕು, ರೈಲ್ವೆ ಕೆಲಸ ಸಿಕ್ಕರೆ ಸಂತೋಷ. ಆದರೆ ತಿಂಗಳ ಸಂಬಳದ ಪೂರ್ತಿ ಕೆಲಸದಲ್ಲಿ ಇದ್ದುಕೊಂಡು ವಕೀಲಿಕೆ ಮಾಡುವಂತಿಲ್ಲ, ವಕೀಲರ ನಿಯಮವೇ ಹಾಗಿದೆ. ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಟುಕೊಳ್ಳುವುದು ಓದಿನವರೆಗೆ ಸರಿ, ಕರಿಕೋಟು ಹಾಕಿದ ಮೇಲೆ ನಡೆಯಲ್ಲ.

ನಗುವವರ ವಿಷಯಕ್ಕೆ ಒಂದು ಮಾತು. ನಾನು ಕೆಲಸ ಮಾಡಿದ ಒಂದು ತಾಲ್ಲೂಕು ಕೋರ್ಟಿನಲ್ಲಿ ದಲಾಯತರೊಬ್ಬರಿದ್ದರು, ಹಳೇ ಕಬಡ್ಡಿ ಆಟಗಾರರು. ಕೇಸು ಕೂಗುವಾಗ ಕಕ್ಷಿದಾರರ ಹೆಸರನ್ನು ಒಂದೇ ಉಸಿರಿಗೆ ಮೂರು ಸಲ, ಅಪ್ಪನ ಹೆಸರು ಊರಿನ ಹೆಸರು ಸೇರಿಸಿ, ವರಾಂಡದ ಈ ತುದಿಯಿಂದ ಬೇವಿನ ಮರದ ತನಕ ಕೇಳಿಸುವ ಹಾಗೆ ಕೂಗುತ್ತಿದ್ದರು. ಹೊಸ ನ್ಯಾಯಾಧೀಶರೊಬ್ಬರು ಬೆಚ್ಚಿ ಪೆನ್ನು ಬೀಳಿಸಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ‘ಸಾರ್, ಉಸಿರು ಹಿಡಿಯೋದೊಂದು ಆಟ ಕಲಿಸ್ತು’ ಅನ್ನುತ್ತಿದ್ದರು. ಅವರನ್ನು ನೋಡಿಯೂ ಮೊದಮೊದಲು ಜನ ನಕ್ಕಿದ್ದರು. ಅವರು ಒಂದು ತಿಂಗಳು ರಜೆ ಹೋದಾಗ ಅರ್ಧ ಜನಕ್ಕೆ ಕೂಗೇ ಕೇಳಿಸದೆ ಕೇಸುಗಳು ಗೈರುಹಾಜರಿಗೆ ಬಿದ್ದವು. ಆಮೇಲೆ ಯಾರೂ ನಗಲಿಲ್ಲ.

ಪ್ರಶ್ನೆ: ಓಟು ಕೇಳಿ ನ್ಯಾಯಮೂರ್ತಿ ಆಗುವುದೆಂದರೇನು ಸ್ವಾಮಿ? ನಾಳೆ ಸಿನಿಮಾ ನಟರೂ ಆಗಬಹುದಲ್ಲ? ಇದನ್ನು ನೀವು ಹೊಗಳಿ ಬರೆಯುವುದು ಸರಿಯೇ?
(ನಿವೃತ್ತ ಮೇಷ್ಟ್ರು, ಧಾರವಾಡ)

ಮೇಷ್ಟ್ರೇ, ಪದ್ಧತಿ ನನಗೂ ಹಿಡಿಸುವುದಿಲ್ಲ. ನ್ಯಾಯಾಧೀಶರು ಓಟಿಗೆ ಕೈ ಮುಗಿದುಕೊಂಡು ನಿಂತ ಚಿತ್ರ ನೆನೆಸಿಕೊಂಡರೇ ನನಗೆ ಕಸಿವಿಸಿ. ನಮ್ಮಲ್ಲಿ ಹೈಕೋರ್ಟಿಗೆ ನೇಮಕ ಮಾಡುವುದು ರಾಷ್ಟ್ರಪತಿಗಳು, ಹೆಸರು ಸೂಚಿಸುವುದು ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಕೂಟ. ಅದರ ಬಗ್ಗೆಯೂ ತಕರಾರುಗಳಿವೆ, ಇರಲಿ. ಮಿನೆಸೋಟದಲ್ಲಿ ಆರು ವರ್ಷಕ್ಕೊಮ್ಮೆ ಜನ ಮತ ಹಾಕುತ್ತಾರೆ. ಪಕ್ಷದ ಚಿಹ್ನೆ ಇರುವುದಿಲ್ಲ. ಅಲ್ಲಿಗೂ ಹೆಸರುವಾಸಿ ಮನುಷ್ಯನಿಗೆ ಅನುಕೂಲ ಜಾಸ್ತಿ, ಅದನ್ನು ಇಲ್ಲ ಅನ್ನಲಾರೆ. ನೇರಳೆ ಅಂಗಿ ಅವರಿಗೆ ಓಟು ತಂದೇ ಇರುತ್ತೆ.

ಆದರೆ 1992ರಲ್ಲಿ ನಡೆದದ್ದು ಕೇಳಿ. ಕೋರ್ಟಿನ ಒಬ್ಬ ನ್ಯಾಯಮೂರ್ತಿಯ ಅವಧಿ ಮುಗಿಯುವುದಿತ್ತು. ಪೇಜ್ ಆ ಜಾಗಕ್ಕೆ ನಿಲ್ಲಲು ಹೊರಟರು. ಗವರ್ನರ್ ಆರ್ನಿ ಕಾರ್ಲ್‌ಸನ್ ಅವರು ಪಿಂಚಣಿ ಕಾರಣಕ್ಕೆ ಆ ನ್ಯಾಯಮೂರ್ತಿಯ ಅವಧಿಯನ್ನು ಮುಂದಕ್ಕೆ ಹಾಕಿಬಿಟ್ಟರು. ಅಂದರೆ ಚುನಾವಣೆಯೇ ಇಲ್ಲ. ಪೇಜ್ ಸುಮ್ಮನಿರಲಿಲ್ಲ, ಗವರ್ನರ್ ಮೇಲೆ ಕೇಸು ಹಾಕಿದರು. ಕೇಸು ಬಂದದ್ದು ಯಾವ ಕೋರ್ಟಿಗೆ? ಅದೇ ಸುಪ್ರೀಂ ಕೋರ್ಟಿಗೆ! ಅಲ್ಲಿ ಕೂತವರು ತಮ್ಮ ಜೊತೆಯವರ ಕುರ್ಚಿಯ ಕೇಸನ್ನು ತಾವೇ ಕೇಳುವುದು ಹೇಗೆ? ಅವರೆಲ್ಲ ಹಿಂದೆ ಸರಿದರು. ಬೇರೆ ನ್ಯಾಯಾಧೀಶರನ್ನು ತಂದು ಪೀಠಕ್ಕೆ ಕೂರಿಸಿದರು. ಆ ಪೀಠ ಪೇಜ್ ಪರ ತೀರ್ಪು ಕೊಟ್ಟಿತು, ಚುನಾವಣೆ ನಡೆಯಿತು, ಅವರು ಗೆದ್ದರು.

ನನಗೆ ಇಷ್ಟವಾದದ್ದು ಈ ಭಾಗ. ಆ ಕೋರ್ಟಿನೊಳಕ್ಕೆ ಅವರು ಹೋದದ್ದು ಮೊದಲು ಅರ್ಜಿದಾರನಾಗಿ, ಆಮೇಲೆ ನ್ಯಾಯಮೂರ್ತಿಯಾಗಿ. ತನ್ನ ಹೆಸರಿನ ಕೇಸು ಕೋರ್ಟಿನಲ್ಲಿ ಬಿದ್ದಿದ್ದರೆ ರಾತ್ರಿ ನಿದ್ದೆ ಹೇಗೆ ಬರುತ್ತೆ ಅಂತ ತಿಳಿದ ಮನುಷ್ಯ ಪೀಠದಲ್ಲಿದ್ದರೆ ಒಳ್ಳೆಯದೇ. ಆಮೇಲೆ 1998, 2004, 2010ರಲ್ಲಿ ಮತ್ತೆ ಮತ್ತೆ ಆರಿಸಿ ಬಂದರು. ಮೊದಲ ಸಲ ಫುಟ್‌ಬಾಲ್ ನೋಡಿ ಓಟು ಹಾಕಿದರು ಅಂತಲೇ ಇಟ್ಟುಕೊಳ್ಳೋಣ. ಆಟ ಬಿಟ್ಟು ಸುಮಾರು 30 ವರ್ಷ ಆದ ಮೇಲೂ ಹಾಕಿದರೆ?

ಸೇಂಟ್ ಪಾಲ್ ಊರಿನಲ್ಲಿ ಅವರ ವಿಧಾನಸೌಧ ಇದೆ. ಸುಪ್ರೀಂ ಕೋರ್ಟಿನ ಒಂದು ಕೋಣೆ ಅದರೊಳಗೇ ಇದೆ. ನೋಡಲು ಹೋಗಿದ್ದೆ. ಏಳು ನ್ಯಾಯಮೂರ್ತಿಗಳು, ಏಳು ಕುರ್ಚಿ. ಎಲ್ಲರೂ ಮೇಲೆ ಚಾವಣಿ ನೋಡುತ್ತಿದ್ದರು. ನಾನು ಹುಡುಕಿದ್ದು ಬೆಂಚ್ ಕ್ಲರ್ಕ್ ಎಲ್ಲಿ ಕೂರುತ್ತಾನೆ, ಫೈಲು ಎಲ್ಲಿ ಇಡುತ್ತಾರೆ ಅಂತ. ಫೈಲಿನ ಕಟ್ಟು ಒಂದೂ ಕಾಣಲಿಲ್ಲ. ಕೆಂಪು ಬಟ್ಟೆ ಗಂಟೂ ಇಲ್ಲ, ಟ್ಯಾಗ್ ದಾರವೂ ಇಲ್ಲ. ಇದೆಂಥಾ ಕೋರ್ಟಪ್ಪಾ ಅನಿಸಿತು.

ಪ್ರಶ್ನೆ: ಮಗಳು ಹಾಕಿ ಚೆನ್ನಾಗಿ ಆಡುತ್ತಾಳೆ, 16 ವರ್ಷ. ಆಟ, ಓದು ಎರಡರಲ್ಲಿ ಒಂದು ಬಿಡಿಸಿ ಅಂತ ನೆಂಟರ ಕಾಟ. ಕೋಚ್ ಅವರೂ ‘ಇವಳಿಗೆ ಓದಿನ ಚಿಂತೆ ಬೇಡ’ ಅನ್ನುತ್ತಾರೆ.
(ಒಬ್ಬ ತಾಯಿ, ಹಾಸನ)

ನೆಂಟರಿಗೆ ಕಾಫಿ ಕೊಟ್ಟು ಕಳಿಸಿ. ಕೋಚ್ ಹೇಳಿದ ಮಾತಿಗೆ ಮಾತ್ರ ಸ್ವಲ್ಪ ಹೆದರಿ.

1988ರಲ್ಲಿ ಪೇಜ್ ಅವರನ್ನು ಆ ಸ್ಮಾರಕ ಭವನಕ್ಕೆ ಸೇರಿಸಿದರಲ್ಲ, ಅವತ್ತಿನ ಭಾಷಣದಲ್ಲಿ ಒಂದು ಘಟನೆ ಹೇಳಿದರು. ವೈಕಿಂಗ್ಸ್ ತಂಡದಲ್ಲಿ ಒಮ್ಮೆ ಆಟದ ಯೋಜನೆಯ ಪುಸ್ತಕವನ್ನು ಆಟಗಾರರಿಂದ ಜೋರಾಗಿ ಓದಿಸಿದರಂತೆ. ಕೆಲವರು ಸರಾಗವಾಗಿ ಓದಿದರು. ಕೆಲವರು ತಡವರಿಸಿದರು. ಇನ್ನು ಕೆಲವರಿಗೆ ಓದಲು ಬರುತ್ತಲೇ ಇರಲಿಲ್ಲ. ಎಲ್ಲರೂ ಶಾಲೆ ದಾಟಿ ಕಾಲೇಜಿನಲ್ಲಿ ಆಡಿ ಬಂದವರೇ. ನೋಡಿ ತಾಯಿ, ಚೆನ್ನಾಗಿ ಆಡುತ್ತಾನೆ ಅಂತ ಒಬ್ಬರಾದ ಮೇಲೆ ಒಬ್ಬರು ‘ಇವನಿಗೆ ಓದಿನ ಚಿಂತೆ ಬೇಡ’ ಅಂತ ಮುಂದಕ್ಕೆ ತಳ್ಳಿರುತ್ತಾರೆ. ಪ್ರೀತಿಯಿಂದಲೇ ತಳ್ಳಿರುತ್ತಾರೆ.

ಆ ಸಮಾರಂಭದಲ್ಲಿ ಆಟಗಾರನನ್ನು ಪರಿಚಯಿಸಲು ಸಾಮಾನ್ಯವಾಗಿ ಹಳೇ ಕೋಚ್ ಬರುತ್ತಾರೆ. ಪೇಜ್ ಕರೆಸಿದ್ದು ಮಿನಿಯಾಪೊಲಿಸ್‌ನ ಹೈಸ್ಕೂಲೊಂದರ ಪ್ರಿನ್ಸಿಪಾಲ್ ವಿಲರೀನ್ ಬೀಸ್ಲಿ ಎಂಬ ಮಹಿಳೆಯನ್ನು. ಸಾವಿರಾರು ಫುಟ್‌ಬಾಲ್ ಹುಚ್ಚರು ತುಂಬಿದ ಕಡೆ ಶಾಲೆಯ ಮೇಡಂ ಬಂದು ನಿಂತರು. ಭಾಷಣವೂ ಹೆಚ್ಚೂಕಡಿಮೆ ಮಕ್ಕಳ ಓದಿನ ಬಗ್ಗೆಯೇ. ಅದೇ ವರ್ಷ ಗಂಡ ಹೆಂಡತಿ ಸೇರಿ ವಿದ್ಯಾರ್ಥಿವೇತನದ ಪ್ರತಿಷ್ಠಾನ ಶುರು ಮಾಡಿದರು. ದುಡ್ಡು ತೆಗೆದುಕೊಂಡ ಕಾಲೇಜು ಮಕ್ಕಳು ವರ್ಷಕ್ಕೆ 50 ಗಂಟೆ ಚಿಕ್ಕ ಮಕ್ಕಳ ಜೊತೆ ಕಳೆಯಬೇಕು, ಓದಿಗೆ ಜೊತೆಯಾಗಬೇಕು ಅನ್ನುವುದು ಷರತ್ತು. ಈ ಷರತ್ತು ನನಗೆ ಬಹಳ ಹಿಡಿಸಿತು. ನಿಮ್ಮ ಮಗಳೂ ವಾರಕ್ಕೊಂದು ಗಂಟೆ ಬೀದಿಯ ಚಿಕ್ಕ ಮಕ್ಕಳಿಗೆ ಓದು ಹೇಳಿಕೊಡಲಿ. ಅವಳಿಗೆ ಪಾಠ ಮರೆಯುವುದಿಲ್ಲ, ನೆಂಟರ ಬಾಯಿಗೂ ಸ್ವಲ್ಪ ಬೀಗ.

ಪ್ರಶ್ನೆ: ಬೇರೆ ಯಾರಾದರೂ ಆಟಗಾರರು ಹೀಗೆ ಆಗಿದ್ದಾರಾ? ನಮ್ಮ ದೇಶದಲ್ಲಿ?
(ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಅಮೆರಿಕದಲ್ಲಿ ಪೇಜ್ ಅವರಿಗೂ ಮೊದಲು ಬೈರನ್ ವೈಟ್ ಇದ್ದರು. 1938ರಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಆಡಿ, ಚೆಂಡು ಹಿಡಿದು ಓಡುವುದರಲ್ಲಿ ಲೀಗಿಗೇ ಮೊದಲಿಗರಾದರು. ಅಲ್ಲಿಂದ ಆಕ್ಸ್‌ಫರ್ಡ್‌ಗೆ ಓದಲು ಹೋದರು. ವಾಪಸು ಬಂದು ಯೇಲ್‌ನಲ್ಲಿ ಲಾ ಓದುತ್ತಾ ಡೆಟ್ರಾಯಿಟ್‌ಗೆ ಆಡಿದರು. 1962ರಲ್ಲಿ ಅಧ್ಯಕ್ಷ ಕೆನಡಿ ಅವರನ್ನು ದೇಶದ ಸುಪ್ರೀಂ ಕೋರ್ಟಿಗೆ ನೇಮಿಸಿದರು. ರಾಜ್ಯದ್ದಲ್ಲ, ವಾಷಿಂಗ್ಟನ್‌ನದು. ಅಲ್ಲಿ 31 ವರ್ಷ. ಆಟದ ಕಾಲದ ‘ವಿಜ್ಜರ್’ ಅನ್ನುವ ಅಡ್ಡಹೆಸರು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವರು ನಿವೃತ್ತಿಯಾದದ್ದು 1993ರಲ್ಲಿ. ಪೇಜ್ ಪೀಠಕ್ಕೆ ಬಂದದ್ದೂ ಅದೇ ವರ್ಷ.

ನಮ್ಮಲ್ಲಿ ಆಟದಿಂದ ಈ ಕಡೆಗೆ ಬರುವ ದಾರಿ ಹೆಚ್ಚಾಗಿ ಪೊಲೀಸ್ ಇಲಾಖೆಯದು. 2007ರ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್ ಹಾಕಿದ ಜೋಗಿಂದರ್ ಶರ್ಮಾ ಹರಿಯಾಣ ಪೊಲೀಸಿನಲ್ಲಿ ಡಿಎಸ್‌ಪಿ ಆದರು. ಓಟಗಾರ್ತಿ ಹಿಮಾ ದಾಸ್ 2021ರಲ್ಲಿ ಅಸ್ಸಾಂ ಪೊಲೀಸಿನಲ್ಲಿ ಡಿಎಸ್‌ಪಿ ಆದರು. ಪದಕ ಗೆದ್ದವರಿಗೆ ಸರ್ಕಾರ ಕೊಡುವ ಕೆಲಸ ಅದು, ತಪ್ಪೇನಿಲ್ಲ. ಆದರೆ ಕೋರ್ಟಿನ ಪೀಠಕ್ಕೆ ಕೋಟಾ ಇಲ್ಲ ಮಗಳೇ. ಅಲ್ಲಿಗೆ ಎಲ್‌ಎಲ್‌.ಬಿ. ಬಾಗಿಲಿನಿಂದಲೇ ಬರಬೇಕು. ಹತ್ತು ವರ್ಷ ಹೈಕೋರ್ಟ್ ವಕೀಲಿಕೆ ಮಾಡಿದವರು ಹೈಕೋರ್ಟ್ ನ್ಯಾಯಮೂರ್ತಿ ಆಗಲು ಅರ್ಹರು ಅಂತ ಸಂವಿಧಾನದ 217ನೇ ವಿಧಿ ಹೇಳುತ್ತೆ. ಅದರಲ್ಲಿ ‘ಆಟ ಆಡಿರಬಾರದು’ ಅಂತ ಎಲ್ಲೂ ಬರೆದಿಲ್ಲ. ನಾನು ಎರಡು ಸಲ ಓದಿದ್ದೇನೆ.

ಪ್ರಶ್ನೆ: ತಾತ, ಜಡ್ಜ್ ಹತ್ತಿರ ಸುತ್ತಿಗೆ ಇರುತ್ತಾ? ಆ ಫುಟ್‌ಬಾಲ್ ಜಡ್ಜ್ ಸುತ್ತಿಗೆಯಲ್ಲಿ ಜೋರಾಗಿ ಹೊಡೀತಿದ್ರಾ?
(ಐದನೇ ಕ್ಲಾಸ್, ತುಮಕೂರು)

ಪುಟ್ಟಾ, ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಇಲ್ಲ. ಅದು ಸಿನಿಮಾದವರ ಕೆಲಸ. ನನ್ನ 34 ವರ್ಷದಲ್ಲಿ ಕೋರ್ಟಿನಲ್ಲಿ ಸುತ್ತಿಗೆ ನೋಡಿದ್ದು ಒಂದೇ ಸಲ, ಬಡಗಿ ಬಂದು ಸಾಕ್ಷಿಕಟ್ಟೆಯ ಹಲಗೆ ರಿಪೇರಿ ಮಾಡಿದಾಗ. ಅಮೆರಿಕದ ಕೋರ್ಟುಗಳಲ್ಲಿ ಮರದ ಸುತ್ತಿಗೆ ಉಂಟು. ಪೇಜ್ ತಾತ ಜೋರಾಗಿ ಹೊಡೆಯುವವರ ಹಾಗೆ ಕಾಣಲ್ಲ. ಮೆತ್ತಗೆ ಮಾತಾಡುವವರು, ಕುತ್ತಿಗೆಗೆ ಚಿಟ್ಟೆಯ ಹಾಗಿರುವ ಬೋ ಟೈ ಕಟ್ಟುತ್ತಾರೆ. ಇನ್ನೊಂದು ಗೊತ್ತಾ? ಅವರಿಗೆ ದೊಡ್ಡ ಹಿತ್ತಾಳೆ ಕಹಳೆ ಊದಲು ಬರುತ್ತೆ. ಮೈಗೆ ಸುತ್ತಿಕೊಂಡು ಊದುವಂಥದ್ದು, ಸೂಸಫೋನ್ ಅಂತ ಅದರ ಹೆಸರು. ಆ ಊರಿನಲ್ಲಿ ಮ್ಯಾರಥಾನ್ ಓಟ ನಡೆಯುವಾಗ ರಸ್ತೆ ಪಕ್ಕ ನಿಂತು ಓಡುವವರಿಗೆ ಅದನ್ನು ಊದಿ ಹುರುಪು ಕೊಡುತ್ತಾರೆ. ಓಟ ಅಕ್ಟೋಬರ್‌ನಲ್ಲಿ. ನಾನು ಸೆಪ್ಟೆಂಬರ್‌ನಲ್ಲೇ ಊರಿಗೆ ಬಂದೆ. ಟಿಕೆಟ್ ಮುಂಚೆಯೇ ತೆಗೆಸಿದ್ದು ದೊಡ್ಡ ತಪ್ಪು.

ನಿನಗೆ ಇಷ್ಟವಾಗುವುದು ಅವರ ಕಿರುಬೆರಳು. ಆಟದಲ್ಲಿ ಪೆಟ್ಟು ತಿಂದು ತಿಂದು ಅದು ಸೊಟ್ಟ ಆಗಿದೆ. ಸ್ವಲ್ಪ ಅಲ್ಲ. ಅಂಗೈ ಚಾಚಿದರೆ ನಾಲ್ಕು ಬೆರಳು ಮುಂದೆ ನೋಡುತ್ತವೆ, ಕಿರುಬೆರಳು ಮಾತ್ರ ಪಕ್ಕದ ಮನೆ ಕಡೆ ತಿರುಗಿರುತ್ತೆ. ಮಕ್ಕಳು ಅವರನ್ನು ನೋಡಿದರೆ ಮೊದಲು ಕೇಳುವುದು ಅದನ್ನೇ ಅಂತೆ. ಅವರು ತಮ್ಮ ಮಗಳ ಜೊತೆ ಸೇರಿ ಆ ಬೆರಳಿನ ಮೇಲೇ ಮಕ್ಕಳಿಗೆ ಒಂದು ಕಥೆ ಪುಸ್ತಕ ಬರೆದಿದ್ದಾರೆ. ನನ್ನ ಮೊಮ್ಮಗಳು ಲೈಬ್ರರಿಯಿಂದ ತಂದಿದ್ದಳು. ನನಗೆ ಈ ಕಥೆಯೆಲ್ಲ ಗೊತ್ತಾದದ್ದು ಅಲ್ಲಿಂದಲೇ. ಓದಿ ಮುಗಿಸಿ ಅವಳು ತನ್ನ ಕಿರುಬೆರಳನ್ನು ಹಾಗೇ ನಿಲ್ಲಿಸಲು ಅರ್ಧ ಗಂಟೆ ಒದ್ದಾಡಿದಳು. ನಾನೂ ಪ್ರಯತ್ನ ಮಾಡಿದೆ, ಆಗಲಿಲ್ಲ.

ನಿಮ್ಮ ಶಾಲೆಯ ಕಬಡ್ಡಿ ಟೀಮಿನಲ್ಲಿ ಬೆರಳು ಸೊಟ್ಟ ಇರುವವರು ಎಷ್ಟು ಜನ ಅಂತ ಎಣಿಸಿ ಬರಿ. ಮುಂದಿನ ತಿಂಗಳು ಜಮೀನು ತಕರಾರಿನ ನಡುವೆ ಅದನ್ನೂ ಹಾಕುತ್ತೇನೆ.